ರಾತ್ರಿ ಹತ್ತರ ಮೇಲೆ ಗಿಟಾರ್: ಸಣ್ಣ ಆಂಪ್, ಜೇಬಿನ ಆಂಪ್, ಇಂಟರ್‌ಫೇಸ್

ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ, ಮನೆಯಲ್ಲಿ ಸದ್ದು ಮಾಡುವಂತಿಲ್ಲ, ಆಗಾಗ ಏನಾದರೂ ರೆಕಾರ್ಡ್ ಮಾಡುವ ಆಸೆಯೂ ಇದೆ, ಖರ್ಚು ಹತ್ತು ಹನ್ನೆರಡು ಸಾವಿರ ದಾಟಬಾರದು ಅನ್ನುವವರು ಒಂದು ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಗಿಟಾರ್, ಮೈಕಿನ ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸಿ, ಅಲ್ಲಿಂದ ಹೆಡ್‌ಫೋನಿಗೆ ತರುವ ಪೆಟ್ಟಿಗೆ) ಮತ್ತು ವಯರ್ ಇರುವ ಒಂದು ಹೆಡ್‌ಫೋನ್ ತೆಗೆದುಕೊಳ್ಳಿ. ನಾನು ಅಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಬೇರೆ ಎರಡು ಸಾಮಾನು ಕೊಂಡಿದ್ದೆ. ಒಂದನ್ನು ಮಾರಿದೆ. ಇನ್ನೊಂದು ಈಗ ಬೀದರಿನಲ್ಲಿ ಓದುತ್ತಿರುವ ಅಕ್ಕನ ಮಗನ ಹತ್ತಿರ ಇದೆ.

ನಾನಿರುವುದು ಕಲಬುರಗಿಯ ಬ್ರಹ್ಮಪುರದಲ್ಲಿ, ಒಂದು ಹಳೆಯ ಮನೆಯ ಮೇಲಿನ ಮಹಡಿಯಲ್ಲಿ. ಮೆಡಿಕಲ್ ಅಂಗಡಿ ಕೆಲಸ ಮುಗಿಸಿ, ಬಂದು ಊಟ ಮಾಡಿ ಕೂರುವಾಗ ಹತ್ತು ಗಂಟೆ. ಅಲ್ಲಿಂದ ಹನ್ನೊಂದೂವರೆ ತನಕ ನನ್ನ ಗಿಟಾರ್ ಸಮಯ. ಕೆಳಗೆ ಮನೆ ಮಾಲೀಕರು, ಅವರ ವಯಸ್ಸಾದ ತಾಯಿ ಇದ್ದಾರೆ. ಹಗಲು ನನಗೆ ಪುರುಸೊತ್ತಿಲ್ಲ, ರಾತ್ರಿ ಅವರಿಗೆ ನಿದ್ದೆ ಬೇಕು. ಹಾಗಾಗಿ ನನ್ನ ಹೋಲಿಕೆಯಲ್ಲಿ ಮೊದಲ ಪ್ರಶ್ನೆ ಯಾವುದರ ಸದ್ದು ಚೆನ್ನಾಗಿದೆ ಅನ್ನುವುದಲ್ಲ, ಯಾವುದರ ಸದ್ದು ಕೆಳಗೆ ಇಳಿಯುವುದಿಲ್ಲ ಅನ್ನುವುದು.

ಮೊದಲು ಕೊಂಡದ್ದು 10 ವ್ಯಾಟಿನ ಪ್ರಾಕ್ಟೀಸ್ ಆಂಪ್, ಅಂದರೆ ಗಿಟಾರಿನ ಸದ್ದು ಹಿಗ್ಗಿಸುವ ಸ್ಪೀಕರ್ ಪೆಟ್ಟಿಗೆ. ಹೈದರಾಬಾದಿಗೆ ಬೇರೆ ಕೆಲಸಕ್ಕೆ ಹೋದವನು ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. 6,500 ರೂಪಾಯಿ. 10 ವ್ಯಾಟ್ ಅಂದರೆ ಸಣ್ಣದು ಅಂದುಕೊಂಡಿದ್ದೆ. ಹತ್ತಡಿ ಕೋಣೆಯಲ್ಲಿ ಅದು ಸಣ್ಣದಲ್ಲ. ವಾಲ್ಯೂಮ್ ಗುಂಡಿ ಒಂದರಿಂದ ಒಂದೂವರೆಗೆ ಹೋಗುವುದರೊಳಗೆ ಸ್ಟೀಲ್ ತಟ್ಟೆ ನಡುಗುತ್ತಿತ್ತು. ದಪ್ಪ ತಂತಿಯ ಸದ್ದು ನೆಲದ ಮೂಲಕವೇ ಇಳಿಯುತ್ತದೆ. ಮೂರನೇ ದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ಆಯಿ ನಿಲ್ಲಿಸಿ, “ತಮ್ಮಾ, ನೀ ಬಾರಸೂದು ಛಲೋ ಅದ, ಖರೆ ರಾತ್ರಿ ಬ್ಯಾಡಪ್ಪಾ, ನಿದ್ದಿ ಹತ್ತವಲ್ದು” ಅಂದರು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ.

ಆಂಪಿಗೆ ಹೆಡ್‌ಫೋನ್ ಜಾಕ್ ಇತ್ತು. ಅದನ್ನು ನಂಬಿಯೇ ಕೊಂಡಿದ್ದೆ. ಹೆಡ್‌ಫೋನ್ ಹಾಕಿದರೆ ಕ್ಲೀನ್ ಟೋನ್ ಪರವಾಗಿಲ್ಲ, ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಒತ್ತಿದರೆ ಕಿವಿಯೊಳಗೆ ಜೇನುನೊಣ ಹೊಕ್ಕ ಹಾಗೆ. ಕಾರಣ ಆಮೇಲೆ ತಿಳಿಯಿತು. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಚುರುಕು ಸದ್ದನ್ನು ತಾನೇ ನುಂಗಿಬಿಡುತ್ತದೆ. ನಾವು ಗಿಟಾರ್ ಸದ್ದು ಅಂದುಕೊಂಡಿರುವುದು ಹಾಗೆ ಸ್ಪೀಕರಿನಲ್ಲಿ ಸೋಸಿ ಬಂದದ್ದು. ಅಗ್ಗದ ಆಂಪುಗಳ ಹೆಡ್‌ಫೋನ್ ಜಾಕಿನಲ್ಲಿ ಆ ಸೋಸುವ ಕೆಲಸ ಎಷ್ಟೋ ಸಲ ಇರುವುದೇ ಇಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಹೆಡ್‌ಫೋನ್ ಹಾಕಿ, ಡಿಸ್ಟಾರ್ಷನ್ ಒತ್ತಿ ಕೇಳಿ. ನಾನು ಸ್ಪೀಕರಿನಲ್ಲಿ ಮಾತ್ರ ಕೇಳಿದ್ದೆ. 3,800ಕ್ಕೆ ಮಾರಿದೆ.

ನಡುವೆ ಮೊಬೈಲಿಗೆ ಗಿಟಾರ್ ಜೋಡಿಸುವ 400 ರೂಪಾಯಿಯ ಅಡಾಪ್ಟರ್ ಒಂದು ತರಿಸಿದ್ದೆ. ಬೇಡ.

ಎರಡನೆಯದು ಜೇಬಿನ ಆಂಪ್. ಗಿಟಾರಿನ ಜಾಕಿಗೇ ನೇರವಾಗಿ ಚುಚ್ಚುವ ಬೆಂಕಿಪೊಟ್ಟಣದ ಗಾತ್ರದ್ದು, ವಾಕ್ಸ್ ಕಂಪನಿಯ ಆಮ್‌ಪ್ಲಗ್ ಇದೆಯಲ್ಲ, ಆ ಜಾತಿ. ಎರಡು ಸಣ್ಣ ಸೆಲ್ ಹಾಕಿ, ಹೆಡ್‌ಫೋನ್ ಸಿಗಿಸಿದರೆ ಮುಗಿಯಿತು. ಇದರ ಬಗ್ಗೆ ನನಗೆ ನಿಜವಾಗಿ ಪ್ರೀತಿ ಇದೆ. ಕರೆಂಟ್ ಬೇಡ, ಲ್ಯಾಪ್‌ಟಾಪ್ ಬೇಡ, ಮಂಚದ ಮೇಲೆ ಒರಗಿಕೊಂಡೇ ಬಾರಿಸಬಹುದು. ಹೆಡ್‌ಫೋನಿಗೆಂದೇ ಮಾಡಿದ್ದರಿಂದ ಸದ್ದೂ ಸೋಸಿ ಬರುತ್ತದೆ. ಬರೀ ಪ್ರಾಕ್ಟೀಸ್ ಆಗಿದ್ದರೆ ನಾನು ಇಲ್ಲಿಗೇ ನಿಲ್ಲುತ್ತಿದ್ದೆ. ಆದರೆ ಒಂದು ಆಂಪಿನಲ್ಲಿ ಒಂದೇ ಬಗೆಯ ಸದ್ದು, ರೆಕಾರ್ಡಿಂಗ್ ಅನ್ನುವುದು ಇಲ್ಲವೇ ಇಲ್ಲ ಅನ್ನಬೇಕು. ಹೆಡ್‌ಫೋನ್ ಜಾಕಿನಿಂದ ಲ್ಯಾಪ್‌ಟಾಪಿನ ಮೈಕ್ ಜಾಕಿಗೆ ತಂತಿ ಎಳೆದು ನೋಡಿದೆ. ಗಿಟಾರಿಗಿಂತ ಸುಯ್ ಅನ್ನುವ ಸದ್ದೇ ಜಾಸ್ತಿ ಬಂತು.

ಆಮೇಲೆ ಇಂಟರ್‌ಫೇಸ್. ಫೋಕಸ್‌ರೈಟಿನ ಸ್ಕಾರ್ಲೆಟ್ ಸೋಲೊ ತರಹದ್ದು: ಒಂದು ಮೈಕ್, ಒಂದು ಗಿಟಾರ್, ಒಂದು ಹೆಡ್‌ಫೋನ್. ನನ್ನದು 7,800 ಬಿತ್ತು. ಮುಂದೆ ಹೇಳುವುದನ್ನು ಓದಿ ಇದು ಬೇಡಪ್ಪಾ ಅನಿಸಬಹುದು. ಪೂರ್ತಿ ಓದಿ.

ಮೊದಲ ರಾತ್ರಿಯೇ ಹೆಡ್‌ಫೋನಿನಲ್ಲಿ ಗುಂಯ್ ಅಂತ ಸದ್ದು. ಬಾರಿಸುವಾಗ ಅಡಗುತ್ತದೆ, ಕೈ ತೆಗೆದರೆ ಏಳುತ್ತದೆ. ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಅದು 98 ಹರ್ಟ್ಸಿನ ಸ್ವರ. ನಮ್ಮ ಕರೆಂಟಿನ ಗುಂಯ್‌ಗುಡುವಿಕೆ 50 ಮತ್ತು 100 ಹರ್ಟ್ಸಿನಲ್ಲಿ. ಎರಡೂ ಇಷ್ಟು ಹತ್ತಿರ ಇರುವುದರಿಂದ ಆ ಸ್ವರ ಹಿಡಿದಾಗಲೆಲ್ಲ ಸದ್ದು ಸೆಕೆಂಡಿಗೆ ಎರಡು ಸಲ ಜೋಕಾಲಿಯ ಹಾಗೆ ತೂಗುತ್ತಿತ್ತು. ನಾನು ನುಡಿಸುವುದರಲ್ಲಿ ಅರ್ಧಕ್ಕರ್ಧ ಅದೇ ಸ್ವರದ ಮೇಲೆ ನಿಂತದ್ದು. ರೆಕಾರ್ಡ್ ಮಾಡಿದ ಒಂದೂ ಕೇಳುವ ಹಾಗಿರಲಿಲ್ಲ.

ಕೇಬಲ್ ಬದಲಿಸಿದೆ. ಗಿಟಾರಿನ ಹಿಂಬದಿ ಬಿಚ್ಚಿ ಬೆಸುಗೆ ನೋಡಿದೆ. ಮಾರಿದವರಿಗೆ ಬರೆದರೆ, ನಿಮ್ಮ ಗಿಟಾರ್ ಸರಿ ಇಲ್ಲ ಅಂದರು. ಹೀಗೇ ಮೂರು ವಾರ ಹೋಯಿತು. ಒಂದು ದಿನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬಂತು. ಗುಂಯ್ ಅನ್ನುವುದು ಕತ್ತರಿಸಿದ ಹಾಗೆ ನಿಂತಿತು. ಮತ್ತೆ ಚುಚ್ಚಿದೆ, ಮತ್ತೆ ಶುರು. ಆಗಲೇ ಇನ್ನೊಂದು ಗಮನಕ್ಕೆ ಬಂತು. ಚಾರ್ಜರ್ ಹಾಕಿದ್ದಾಗ ಗಿಟಾರ್ ತಂತಿಯ ಮೇಲೆ ಬೆರಳ ಹಿಂಬದಿಯನ್ನು ಮೆಲ್ಲಗೆ ಸವರಿದರೆ ಝುಮ್ ಅನ್ನುತ್ತದೆ, ಒದ್ದೆ ಬಟ್ಟೆಯ ಮೇಲೆ ಇರುವೆ ಹರಿದ ಹಾಗೆ.

ಮಾಲೀಕರಿಗೆ ಹೇಳಿದೆ. ಕಾಕಾ ಮರುದಿನವೇ ಎಲೆಕ್ಟ್ರಿಷಿಯನ್ ಕರೆಸಿದರು. ಆತ ಹೋಲ್ಡರಿಗೆ 100 ವ್ಯಾಟಿನ ಹಳೆಯ ಬಲ್ಬ್ ಹಾಕಿ, ಒಂದು ತಂತಿ ಫೇಸಿಗೆ, ಇನ್ನೊಂದು ಅರ್ಥಿಂಗ್ ತೂತಿಗೆ ಹಿಡಿದ. ಅರ್ಥಿಂಗ್ ಸರಿ ಇದ್ದರೆ ಬಲ್ಬ್ ಬೆಳ್ಳಗೆ ಉರಿಯಬೇಕು. ಒಳಗಿನ ಎಳೆ ಕೆಂಡ ಆರುವಾಗ ಇರುತ್ತದಲ್ಲ, ಅಷ್ಟೇ ಕೆಂಪಾಯಿತು. “ತಂತಿ ಅದ ರೀ, ಖರೆ ಗುಂಡಿ ಒಣಗ್ಯದ” ಅಂದ. (ಇದನ್ನು ನೀವೇ ಮಾಡಿ ನೋಡಬೇಡಿ. ಬರಿಗೈಯಲ್ಲಿ ಮಾಡುವ ಕೆಲಸ ಅಲ್ಲ.)

ನಮ್ಮ ಕಡೆಯ ಎರೆ ಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅರ್ಥಿಂಗ್ ಗುಂಡಿಯ ಪೈಪಿನ ಸುತ್ತಲೂ ಹಾಗೇ ಬಿರಿದು, ಪೈಪಿಗೂ ಮಣ್ಣಿಗೂ ನಡುವೆ ಸಂದು ಬಿಟ್ಟಿತ್ತು. ಇನ್ನು ಲ್ಯಾಪ್‌ಟಾಪ್ ಚಾರ್ಜರಿನ ಒಳಗೆ ಒಂದು ಫಿಲ್ಟರ್ ಇರುತ್ತದೆ. ಅದು ಬಹಳ ಸಣ್ಣ ಪ್ರಮಾಣದ ಕರೆಂಟನ್ನು ಅರ್ಥಿಂಗ್ ಪಿನ್ನಿಗೆ ಬಿಡುತ್ತಲೇ ಇರುತ್ತದೆ. ಭೂಮಿಗೆ ದಾರಿ ಇಲ್ಲದಿದ್ದರೆ ಅದು ಲ್ಯಾಪ್‌ಟಾಪಿನ ಮೈಗೆ, ಅಲ್ಲಿಂದ ಯುಎಸ್‌ಬಿ ತಂತಿ ಹಿಡಿದು ಇಂಟರ್‌ಫೇಸಿಗೆ, ಅಲ್ಲಿಂದ ಗಿಟಾರ್ ತಂತಿಗೆ ಬರುತ್ತದೆ. ನನ್ನ ಬೆರಳಿಗೆ ಝುಮ್ ಅಂದದ್ದು, ಕಿವಿಗೆ ಗುಂಯ್ ಅಂದದ್ದು ಎರಡೂ ಅದೇ. ಇಂಟರ್‌ಫೇಸಿನ ತಪ್ಪೂ ಅಲ್ಲ, ಗಿಟಾರಿನ ತಪ್ಪೂ ಅಲ್ಲ.

ಗುಂಡಿ ತೆಗೆದು ಇದ್ದಿಲು, ಉಪ್ಪು ಹಾಕಿ, ನಾಲ್ಕು ಕೊಡ ನೀರು ಸುರಿದೆವು. ಸಂಜೆ ಬಲ್ಬ್ ಬೆಳ್ಳಗೆ ಉರಿಯಿತು. ಆ ರಾತ್ರಿ ಹೆಡ್‌ಫೋನ್ ಹಾಕಿ, ಗಿಟಾರ್ ಮುಟ್ಟದೆ ಸುಮ್ಮನೆ ಕೂತೆ. ಏನೂ ಕೇಳಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಬಾರಿಸುವುದನ್ನೇ ಮರೆತು ಹಾಗೇ ಕೂತಿದ್ದೆ. ಈಗ ಫೆಬ್ರವರಿಯಿಂದ ಮಳೆ ಹಿಡಿಯುವ ತನಕ ಪ್ರತಿ ಭಾನುವಾರ ಗುಂಡಿಗೆ ಎರಡು ಕೊಡ ನೀರು ಹಾಕುವುದು ನನ್ನ ಕೆಲಸ. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ಥಿಂಗ್ ಪಿನ್ ಮುರಿಯಿರಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆ ಪಿನ್ ಇರುವುದು ಜೀವ ಉಳಿಸಲಿಕ್ಕೆ.

ಚೂರು ಸದ್ದು ಇನ್ನೂ ಉಳಿದಿತ್ತು. ಅದು ಬೇರೆ. ತಂತಿಯ ನಡುಕವನ್ನು ಹಿಡಿಯುವ ಪಿಕಪ್ ನನ್ನ ಗಿಟಾರಿನಲ್ಲಿ ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯದು. ಕೂಲರ್ ಮೋಟಾರು, ಟ್ಯೂಬ್‌ಲೈಟಿನ ಚೋಕು, ಚಾರ್ಜರು ಹತ್ತಿರ ಇದ್ದರೆ ಅವುಗಳ ಕಾಂತಕ್ಷೇತ್ರವನ್ನೂ ಹೀರಿಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಯ ಹಂಬಕರ್ ಪಿಕಪ್ ಮಾಡಿದ್ದೇ ಈ ಗುಂಯ್ ತೊಲಗಿಸಲಿಕ್ಕೆ: ಎರಡು ಸುರುಳಿಯಲ್ಲೂ ಗುಂಯ್ ಒಂದಕ್ಕೊಂದು ಎದುರಾಗಿ ಬಂದು ಕಳೆದುಹೋಗುತ್ತದೆ. ನನ್ನ ಹತ್ತಿರ ಅದಿಲ್ಲ. ಕುರ್ಚಿ ಮೇಲೆ ಕೂತು ನಿಧಾನಕ್ಕೆ ತಿರುಗಿದೆ. ಕಿಟಕಿಯ ಕಡೆ ಮುಖ ಮಾಡಿದಾಗ ಸದ್ದು ಬಹುತೇಕ ಇಲ್ಲವಾಯಿತು. ಕುರ್ಚಿಯ ಕಾಲಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೇನೆ.

ಇಷ್ಟೆಲ್ಲ ಆದಮೇಲೂ ಇಂಟರ್‌ಫೇಸನ್ನೇ ಯಾಕೆ ಹೊಗಳುತ್ತೇನೆ? ಕರೆಂಟ್ ಹೋದಾಗ ನೋಡಬೇಕು. ಅದಕ್ಕೆ ಬೇಕಾದ ಕರೆಂಟು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಬರುತ್ತದೆ. ಚಾರ್ಜರ್ ಕಿತ್ತರೆ ಗೋಡೆಗೂ ನಮಗೂ ಸಂಬಂಧವೇ ಇಲ್ಲ. ಆ ಹಳೆ ಆಂಪು ಮನೆಯ ಇನ್ವರ್ಟರಿನ ಮೇಲೆ ಕಿರಿಕಿರಿ ಮಾಡುತ್ತಿತ್ತು. ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಅದರ ಕರೆಂಟಿನಲ್ಲಿ 50 ಹರ್ಟ್ಸ್ ಜೊತೆಗೆ 150, 250, 350 ಹೀಗೆ ಮೇಲಿನವೂ ಸೇರಿರುತ್ತವೆ. ಆಂಪಿನಲ್ಲಿ ಅವೆಲ್ಲ ಒಟ್ಟಿಗೆ ಹಾಡುತ್ತಿದ್ದವು. ಈಗ ಏಪ್ರಿಲ್ ರಾತ್ರಿ ಕರೆಂಟ್ ಹೋದರೆ ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ನನ್ನ ಒಂದೂವರೆ ಗಂಟೆ ಆರಾಮಾಗಿ ಮುಗಿಯುತ್ತದೆ. ಕೂಲರ್ ನಿಂತಿರುವುದರಿಂದ ಮೈಕ್ ರೆಕಾರ್ಡಿಂಗಿಗೂ ಅದೇ ಒಳ್ಳೆಯ ಹೊತ್ತು.

ತಡದ ವಿಷಯ ಒಂದು ಇದೆ. ತಂತಿ ಮೀಟಿದ್ದು ಲ್ಯಾಪ್‌ಟಾಪಿಗೆ ಹೋಗಿ, ಸಾಫ್ಟ್‌ವೇರಿನ ಆಂಪ್ ದಾಟಿ ಕಿವಿಗೆ ಬರಬೇಕು. ವಿಂಡೋಸಿನಲ್ಲಿ ಇಂಟರ್‌ಫೇಸ್ ಕಂಪನಿಯವರೇ ಕೊಡುವ, ತಡ ಕಡಿಮೆ ಮಾಡುವ ಆಸಿಯೊ ಡ್ರೈವರ್ ಹಾಕಿ, ಬಫರನ್ನು (ಲ್ಯಾಪ್‌ಟಾಪ್ ಒಂದು ಸಲಕ್ಕೆ ಒಟ್ಟು ಮಾಡುವ ಸದ್ದಿನ ತುಣುಕುಗಳ ಲೆಕ್ಕ) 128ಕ್ಕೆ ಇಳಿಸಿ. 48,000 ಹರ್ಟ್ಸಿನಲ್ಲಿ, ಅಂದರೆ ಸೆಕೆಂಡಿಗೆ 48,000 ತುಣುಕಿನಂತೆ, ಅದು 2.7 ಮಿಲಿಸೆಕೆಂಡ್. ಹೋಗಿ ಬರುವ ಎಲ್ಲ ಸೇರಿ ನನ್ನಲ್ಲಿ 10ರ ಆಸುಪಾಸು ಆಗುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಬರಲು ಸುಮಾರು 3 ಮಿಲಿಸೆಕೆಂಡ್ ಬೇಕು. ಅಂದರೆ ಆಂಪಿನಿಂದ ಮೂರು ಮೀಟರ್ ದೂರ ಕೂತ ಹಾಗೆ, ಕೈಗೆ ಗೊತ್ತಾಗುವುದಿಲ್ಲ. ಬಫರ್ 1024 ಬಿಟ್ಟರೆ ಒಂದು ಕಡೆಗೇ 21 ಮಿಲಿಸೆಕೆಂಡ್, ಬೆರಳು ಮುಂದೆ, ಸದ್ದು ಹಿಂದೆ.

ಬ್ಲೂಟೂತ್ ಹೆಡ್‌ಫೋನ್ ಇದೆಯಲ್ಲ, ಅದೇ ಸಾಕಲ್ವಾ ಅನ್ನುತ್ತಾರೆ. ಸಾಲದು. ಮಾಮೂಲಿ ಬ್ಲೂಟೂತಿನಲ್ಲಿ 150, 200 ಮಿಲಿಸೆಕೆಂಡ್ ತಡ ಆಗುತ್ತದೆ. ಅದರಲ್ಲಿ ತಾಳ ಹಿಡಿಯಲಿಕ್ಕೇ ಆಗುವುದಿಲ್ಲ.

ವಯರಿನ ಹೆಡ್‌ಫೋನಿನಲ್ಲಿ ಕಿವಿ ಪೂರ್ತಿ ಮುಚ್ಚುವ, ಹಿಂಬದಿಯೂ ಮುಚ್ಚಿದ ಜಾತಿಯೇ ನನಗೆ ಸರಿ. ಕೂಲರ್ ಸದ್ದು ಒಳಗೆ ಬರುವುದಿಲ್ಲ, ಗಿಟಾರ್ ಸದ್ದು ಮೈಕಿಗೆ ಸೋರುವುದಿಲ್ಲ. ಮೇ ತಿಂಗಳಲ್ಲಿ ಕಿವಿ ಬೆವರುತ್ತದೆ, ಅದಕ್ಕೆ ಮೆತ್ತೆಯ ಮೇಲೆ ಹಳೆಯ ಬನಿಯನ್ ಬಟ್ಟೆ ಹೊಲಿಸಿದ್ದೇನೆ. 4,200 ಕೊಟ್ಟೆ, ಇದರಲ್ಲಿ ಉಳಿಸಲು ಹೋಗಬೇಡಿ.

ಇಂಟರ್‌ಫೇಸಿನ ಮೇಲೆ ‘ಇನ್‌ಸ್ಟ್’ (ಇನ್‌ಸ್ಟ್ರುಮೆಂಟ್) ಅನ್ನುವ ಗುಂಡಿ ಇದ್ದರೆ ಒತ್ತಿಕೊಳ್ಳಿ. ಗಿಟಾರ್ ಪಿಕಪ್ಪಿಗೆ ಸುಮಾರು 10 ಲಕ್ಷ ಓಮಿನ ಇನ್‌ಪುಟ್ ಬೇಕು. ಒತ್ತದಿದ್ದರೆ ಸದ್ದು ಕಂಬಳಿ ಹೊದ್ದ ಹಾಗೆ ಮಂಕು.

ರೆಕಾರ್ಡಿಂಗಿನಲ್ಲಿ ನನಗೆ ಬಹಳ ಹಿಡಿಸಿದ್ದು ಇದು: ಇಂಟರ್‌ಫೇಸ್ ಗಿಟಾರಿನ ಹಸಿ ಸದ್ದನ್ನೇ ಇಟ್ಟುಕೊಳ್ಳುತ್ತದೆ. ಆಂಪಿನ ಸದ್ದನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ಹಚ್ಚುತ್ತೇವೆ. ರಾತ್ರಿ ಚೆನ್ನಾಗಿ ಬಂದ ಒಂದು ಟೇಕಿಗೆ ಭಾನುವಾರ ಕೂತು ಬೇರೆ ಆಂಪ್ ಹಾಕಬಹುದು, ಮತ್ತೆ ಬಾರಿಸಬೇಕಿಲ್ಲ. ದಿನಕ್ಕೆ ಒಂದೂವರೆ ಗಂಟೆ ಸಿಗುವ ನನ್ನಂಥವರಿಗೆ ಇದು ದೊಡ್ಡದು. ರೆಕಾರ್ಡ್ ಮಾಡುವ ರೀಪರ್ ಸಾಫ್ಟ್‌ವೇರನ್ನು 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಆಂಪ್ ಸಾಫ್ಟ್‌ವೇರ್ ಪುಕ್ಕಟೆ.

ಹಾಡಲಿಕ್ಕೆ ಮೈಕ್ ಇಟ್ಟರೆ ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕು. ಕೆಳಗೆ ಶಹಾಬಾದ್ ಕಲ್ಲು, ಸುತ್ತ ಗಾರೆ ಗೋಡೆ, ಚಪ್ಪಾಳೆ ತಟ್ಟಿದರೆ ಟಿಣ್ ಅಂತ ಮರಳುತ್ತದೆ. ಇದಕ್ಕೆಂದು ಮಾರುವ ಸ್ಪಂಜು ಕೊಳ್ಳಲು ಹೋಗಬೇಡಿ. ಅವ್ವ ಹೊಲಿದ ಎರಡು ಕೌದಿ ಇದ್ದವು. ಒಂದನ್ನು ನಾನು ನಿಲ್ಲುವ ಬೆನ್ನ ಹಿಂದೆ ಹಗ್ಗಕ್ಕೆ ನೇತು ಹಾಕಿದೆ, ಇನ್ನೊಂದನ್ನು ಕಾಲಡಿ ಹಾಸಿದೆ. ಏಳೆಂಟು ಪದರ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿ ಸದ್ದು ನುಂಗುವ ಹಾಗೆ ಬೇರೇನೂ ನುಂಗಲಿಲ್ಲ.

ಲ್ಯಾಪ್‌ಟಾಪ್ ಇಲ್ಲದವರಿಗೆ, ಹಾಸ್ಟೆಲ್ಲಿನಲ್ಲಿ ಇರುವವರಿಗೆ ನಾನು ಜೇಬಿನ ಆಂಪನ್ನೇ ಹೇಳುತ್ತೇನೆ. ಅಕ್ಕನ ಮಗ ಬೀದರಿನ ಹಾಸ್ಟೆಲ್ಲಿನಲ್ಲಿ ಅದರ ಮೇಲೇ ಕಲಿತ, ಪಕ್ಕದ ಮಂಚದವನಿಗೆ ಒಂದು ದಿನವೂ ತೊಂದರೆ ಆಗಿಲ್ಲ. ಕಳೆದ ರಜೆಗೆ ಬಂದಾಗ ನನ್ನ ಕುರ್ಚಿಯಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತು ಎರಡು ಟೇಕ್ ರೆಕಾರ್ಡ್ ಮಾಡಿದ. “ಮಾಮಾ, ನನಗೂ ಇಂಥಾದ್ದೇ ಬೇಕು” ಅಂದ. ಮೊದಲು ನಿಮ್ಮ ಹಾಸ್ಟೆಲ್ಲಿನ ಅರ್ಥಿಂಗ್ ಹೇಗಿದೆ ಕೇಳಿಕೊಂಡು ಬಾ, ಆಮೇಲೆ ಕೊಡಿಸುತ್ತೇನೆ ಅಂದಿದ್ದೇನೆ.