ಫೈಬರ್‌ಗ್ಲಾಸ್ ಬಾತ್‌ಟಬ್ ಕಲೆಗೆ ಬಾರ್ ಕೀಪರ್ಸ್ ಫ್ರೆಂಡ್: ಯಾವ ಕಲೆ ಹೋಗತ್ತೆ, ಯಾವುದು ಹೋಗಲ್ಲ

ಅಮೆರಿಕದಲ್ಲಿ ಬಾಡಿಗೆ ಅಪಾರ್ಟ್‌ಮೆಂಟಲ್ಲಿರೋ ನಮ್ಮ ಕಡೆಯೋರು ಯಾರಾದ್ರೂ ಬಾತ್‌ಟಬ್ ಕಲೆಗೆ ಏನ್ ಹಾಕ್ಲಿ ಅಂತ ಕೇಳಿದ್ರೆ ನಾನು ಮೊದ್ಲು ಹೇಳೋ ಹೆಸರು ಬಾರ್ ಕೀಪರ್ಸ್ ಫ್ರೆಂಡ್, ಅದರಲ್ಲೂ ಪುಡಿ ಡಬ್ಬಿ ಅಲ್ಲ, ಸಾಫ್ಟ್ ಕ್ಲೆನ್ಸರ್ ಅಂತ ಬರತ್ತಲ್ಲ ಆ ಲಿಕ್ವಿಡ್ ಬಾಟ್ಲಿ. ತುಕ್ಕಿನ ಕಲೆಗೆ, ಸ್ಟೀಲ್ ಚೊಂಬು ತಾಗಿ ಬಿದ್ದ ಬೂದು ಗೆರೆಗೆ, ನಲ್ಲಿ ಬುಡದಲ್ಲಿ ಕಟ್ಟೋ ಬಿಳಿ ಉಪ್ಪಿಗೆ ಇದು ನಿಜವಾಗ್ಲೂ ಕೆಲಸ ಮಾಡತ್ತೆ. ಅರಿಶಿನದ ಕಲೆಗೆ ಮಾತ್ರ ಇದು ಮದ್ದಲ್ಲ, ವಯಸ್ಸಾಗಿ ಹಳದಿ ತಿರುಗಿರೋ ಟಬ್ಬಿಗೂ ಅಲ್ಲ, ಇದನ್ನ ಮೊದ್ಲೇ ಹೇಳಿಬಿಡ್ತೀನಿ ಯಾಕಂದ್ರೆ ಆನ್‌ಲೈನ್ ರಿವ್ಯೂ ನೋಡಿ ಎಲ್ಲಾ ಕಲೆಗೂ ಇದೊಂದೇ ಸಾಕು ಅಂದ್ಕೊಂಡು ತೊಗೊಂಡೋರು ಆಮೇಲೆ ಹೋಗ್ತಿಲ್ಲ ಅಂತ ಇನ್ನೂ ಜೋರಾಗಿ ತಿಕ್ತಾರೆ, ಟಬ್ ಹಾಳಾಗೋದೇ ಅಲ್ಲಿ.

ನಾವಿರೋದು ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ. ಇಲ್ಲಿಗೆ ಬರೋ ನೀರು ಬಹುಪಾಲು ಎಡ್ವರ್ಡ್ಸ್ ಅಕ್ವಿಫರ್‌ದು, ಅಂದ್ರೆ ನೆಲದಡಿಯ ಸುಣ್ಣಕಲ್ಲಿನ ಪದರದೊಳಗೆ ಹಾದು ಬರೋ ನೀರು, ಬೆಂಗಳೂರಿನ ಬೋರ್ ನೀರು ನೋಡಿರೋರಿಗೆ ಇದರ ಗುಣ ಬೇರೆ ಹೇಳ್ಬೇಕಾಗಿಲ್ಲ, ಸೋಪು ನೊರೆ ಬರಲ್ಲ, ಶವರ್ ತೂತು ಮುಚ್ಚಿಹೋಗತ್ತೆ, ಟಬ್ ಒಣಗಿದ್ ತಕ್ಷಣ ಬಿಳಿ ಬಿಳಿ ಚುಕ್ಕೆ. ಇದರ ಮೇಲೆ ನಮ್ಮ ಎಣ್ಣೆಸ್ನಾನ, ಸೀಗೆಪುಡಿ, ಕಡ್ಲೆಹಿಟ್ಟು, ಅರಿಶಿನ. ಟಬ್ ಮಾಡಿದೋರು ಇದನ್ನೆಲ್ಲ ಮನಸ್ಸಲ್ಲಿಟ್ಕೊಂಡು ಮಾಡಿರಲ್ಲ.

ಮೊದ್ಲು ನಿಮ್ಮ ಟಬ್ ಯಾವುದರದ್ದು ಅಂತ ನೋಡ್ಕೊಳ್ಳಿ. ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಒಂದು ಇಟ್ಟು ನೋಡಿ, ಅಂಟಿಕೊಂಡ್ರೆ ಅದು ಎನಾಮೆಲ್ ಹಾಕಿದ ಕಬ್ಬಿಣ ಇಲ್ಲಾ ಸ್ಟೀಲು. ಅಂಟ್ಲಿಲ್ಲ, ಬೆರಳಲ್ಲಿ ತಟ್ಟಿದ್ರೆ ಡೊಳ್ಳು ಸದ್ದು, ಒಳಗೆ ನಿಂತ್ರೆ ತಳ ಸ್ವಲ್ಪ ಬಾಗತ್ತೆ ಅಂದ್ರೆ ಫೈಬರ್‌ಗ್ಲಾಸ್ ಅಥವಾ ಅಕ್ರಿಲಿಕ್. ಫೈಬರ್‌ಗ್ಲಾಸ್ ಟಬ್ ಅಂದ್ರೆ ಗಾಜಿನ ನಾರಿಗೆ ಪಾಲಿಯೆಸ್ಟರ್ ರೆಸಿನ್ ಸೇರಿಸಿ ಅಚ್ಚಲ್ಲಿ ಮಾಡಿರೋದು, ಕಣ್ಣಿಗೆ ಕಾಣೋ ಹೊಳಪು ಜೆಲ್‌ಕೋಟ್ ಅನ್ನೋ ಮೇಲಿನ ಪದರದ್ದು. ಆ ಪದರ ಇರೋದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಅಷ್ಟೇ, ಮತ್ತೆ ಎನಾಮೆಲ್‌ಗಿಂತ ತುಂಬಾ ಮೆತ್ತಗೆ. ಸ್ಟೀಲ್ ಸ್ಕ್ರಬ್ಬರ್, ಪಾತ್ರೆ ತಿಕ್ಕೋ ಒರಟು ಪುಡಿ, ಮರಳು ಕಾಗದ ತರ ಇರೋ ಹಸಿರು ಪ್ಯಾಡ್ ಹಾಕಿ ತಿಕ್ಕಿದ್ರೆ ಅವತ್ತು ಬೆಳ್ಳಗೆ ಕಾಣತ್ತೆ, ಆದ್ರೆ ಬಿದ್ದಿರೋ ಸಣ್ಣ ಸಣ್ಣ ಗೀರಲ್ಲಿ ಮುಂದಿನ ತಿಂಗಳಿಂದ ಕೊಳೆ ಇನ್ನೂ ಬೇಗ ಕೂರತ್ತೆ. ನನಗೆ ಟಬ್ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. ಕಲೆ ಯಾವುದು ಅಂತ ತಿಳ್ಕೊಂಡು ಅದಕ್ಕೆ ಸರಿಯಾದ ಸಾಮಾನು ಹಾಕಿದ್ರೆ ತಿಕ್ಕೋದೇ ಕಮ್ಮಿ.

ಬಾರ್ ಕೀಪರ್ಸ್ ಫ್ರೆಂಡ್ ಹಳೇ ಸರಕು, 1882ರಿಂದ ಇದೆ, ಇಂಡಿಯಾನಾಪೊಲಿಸ್‌ನದ್ದು. ಜಾರ್ಜ್ ವಿಲಿಯಂ ಹಾಫ್‌ಮನ್ ಅನ್ನೋ ಕೆಮಿಸ್ಟ್ ರೂಬಾರ್ಬ್ ಅನ್ನೋ ಹುಳಿ ದಂಟು ಬೇಯಿಸಿದ ಪಾತ್ರೆ ಫಳಫಳ ಅಂತಿರೋದು ನೋಡಿ ಇದನ್ನ ಮಾಡಿದ್ದಂತೆ, ಬಾರುಗಳಲ್ಲಿ ಹಿತ್ತಾಳೆ ಸಾಮಾನು ತಿಕ್ಕೋಕೆ ಹೋಗ್ತಿತ್ತು, ಅದಕ್ಕೇ ಆ ಹೆಸರು. ಒಳಗಿರೋ ಮುಖ್ಯ ಸಾಮಾನು ಆಕ್ಸಾಲಿಕ್ ಆಸಿಡ್. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಾಕಿ ದೀಪ ಬೆಳಗಿದ ಹಾಗೇ ಇದೂ ಹುಳಿಯ ಕೆಲಸ. ಆದ್ರೆ ಆಕ್ಸಾಲಿಕ್ ಆಸಿಡ್ಡಿಗೆ ಒಂದು ಹೆಚ್ಚಿನ ಗುಣ ಇದೆ, ಅದು ತುಕ್ಕಿನ ಕಬ್ಬಿಣದ ಜೊತೆ ಸೇರ್ಕೊಂಡು ನೀರಲ್ಲಿ ಕರಗೋ ಹಾಗೆ ಮಾಡತ್ತೆ. ಅಂದ್ರೆ ತುಕ್ಕನ್ನ ಕೆರೆದು ತೆಗಿಯಲ್ಲ, ಕರಗಿಸಿ ತೆಗಿಯತ್ತೆ. ಫೈಬರ್‌ಗ್ಲಾಸಿನಂಥ ಮೆತ್ತಗಿನ ಮೈಗೆ ಬೇಕಾಗಿರೋದು ಇದೇ. ದೋಣಿಗಳ ಮೈಯೂ ಇದೇ ಜೆಲ್‌ಕೋಟ್, ದೋಣಿ ಸಾಮಾನಿನ ಅಂಗಡೀಲಿ ಫೈಬರ್‌ಗ್ಲಾಸ್ ಕಲೆಗೆ ಅಂತ ಮಾರೋ ಜೆಲ್ಲುಗಳಲ್ಲೂ ಇದೇ ಆಸಿಡ್ ಇರತ್ತೆ.

ಪುಡಿ ಡಬ್ಬಿಯ ಲೇಬಲ್ಲಲ್ಲೂ ಫೈಬರ್‌ಗ್ಲಾಸ್ ಹೆಸರಿದೆ, ಆದ್ರೂ ನಾನು ಟಬ್ಬಿಗೆ ಲಿಕ್ವಿಡ್ಡೇ ಅನ್ನೋದು ಯಾಕಂದ್ರೆ ಪುಡೀಲಿ ನುಣ್ಣಗೆ ಅರೆದ ಖನಿಜ ಇದೆ, ಒದ್ದೆ ಸಾಲದೇ ಇದ್ರೆ ಒಂದೇ ಕಡೆ ಗುಡ್ಡೆಯಾಗಿ ಕೂತು ಗೀರತ್ತೆ. ಲಿಕ್ವಿಡ್ ಸಮವಾಗಿ ಹರಡತ್ತೆ.

ಹಾಕೋ ಕ್ರಮ ಮುಖ್ಯ. ಮೊದ್ಲು ಪಾತ್ರೆ ತೊಳೆಯೋ ಲಿಕ್ವಿಡ್ ಸೋಪು, ಬಿಸಿನೀರು ಹಾಕಿ ಎಣ್ಣೆ ಜಿಡ್ಡು ತೆಗೀರಿ, ಜಿಡ್ಡಿನ ಮೇಲೆ ಹಾಕಿದ್ರೆ ಆಸಿಡ್ ಕಲೆಗೆ ತಾಗೋದೇ ಇಲ್ಲ. ಗಡಸು ನೀರಿನ ಊರಲ್ಲಿ ಸೋಪು, ಕ್ಯಾಲ್ಸಿಯಂ ಸೇರಿ ಒಂದು ಮಂಕು ಪೊರೆ ಬೇರೆ ಕಟ್ಟಿರತ್ತೆ. ಆಮೇಲೆ ಟಬ್ ಒದ್ದೆ ಇರೋವಾಗ್ಲೇ ಮೆತ್ತಗಿನ ಸ್ಪಂಜಿಗೆ ಹಾಕ್ಕೊಂಡು ಕಲೆ ಮೇಲೆ ಸವರಿ, ಕೈ ಹಗುರ ಇಟ್ಟು ಸುತ್ತ ಸುತ್ತ ಉಜ್ಜಿ, ಒಂದು ನಿಮಿಷದೊಳಗೆ ಚೆನ್ನಾಗಿ ತೊಳ್ದುಬಿಡಿ. ಲೇಬಲ್ಲಲ್ಲೇ ಒಂದು ನಿಮಿಷಕ್ಕಿಂತ ಬಿಡಬೇಡಿ ಅಂತಿದೆ. ಉಳಿದಿದ್ರೆ ಮತ್ತೆ ಹಾಕಿ, ರಾತ್ರಿ ಪೂರ್ತಿ ನೆನೆಸಿದ್ರೆ ಇನ್ನೂ ಚೆನ್ನಾಗ್ ಹೋಗತ್ತೆ ಅನ್ನೋದು ಸರಿಯಲ್ಲ. ಕಾಲು ಜಾರದೇ ಇರ್ಲಿ ಅಂತ ತಳದಲ್ಲಿ ತರಿತರಿ ಮಾಡಿರ್ತಾರಲ್ಲ, ಅಲ್ಲಿ ಸ್ಪಂಜ್ ಒಳಗೆ ಇಳಿಯಲ್ಲ, ಹಳೇ ಹಲ್ಲುಜ್ಜೋ ಬ್ರಷ್ ಇಲ್ಲಾ ಮೆತ್ತಗಿನ ನೈಲಾನ್ ಬ್ರಷ್ ತೊಗೊಳ್ಳಿ.

ಶೇವಿಂಗ್ ಕ್ರೀಮ್ ಡಬ್ಬಿ ಇಟ್ಟ ಜಾಗದಲ್ಲಿ ಬೀಳೋ ಕೆಂಪು ಉಂಗುರ ಇದಕ್ಕೆ ಸುಲಭದ ತುತ್ತು, ನೋಡ್ತಾ ನೋಡ್ತಾ ಹೋಗತ್ತೆ. ತುಕ್ಕಿಗೆ ಕ್ಲೋರಿನ್ ಬ್ಲೀಚ್ ಮಾತ್ರ ಹಾಕ್ಬೇಡಿ, ಬ್ಲೀಚ್ ತುಕ್ಕು ತೆಗಿಯಲ್ಲ, ಕಬ್ಬಿಣವನ್ನ ಇನ್ನೂ ಆಕ್ಸಿಡೈಸ್ ಮಾಡಿ ಕಲೆಯನ್ನ ಗಟ್ಟಿ ಮಾಡತ್ತೆ. ಊರಿಂದ ಅಪ್ಪ ಅಮ್ಮ ಬಂದಾಗ ಶವರ್ ಬೇಡ ಅಂತ ಟಬ್ಬಲ್ಲೇ ಬಕೆಟ್ಟು ಚೊಂಬು ಇಟ್ಕೊಂಡು ಸ್ನಾನ ಮಾಡ್ತಾರಲ್ಲ, ಆಗ ಸ್ಟೀಲ್ ಚೊಂಬು ತಾಗಿ ಬೀಳೋ ಬೂದು ಗೆರೆ ಗೀರಲ್ಲ, ಮೆತ್ತಿಕೊಂಡಿರೋ ಲೋಹ, ಅದೂ ಇದರಲ್ಲಿ ಸಲೀಸಾಗಿ ಹೋಗತ್ತೆ. ದಯವಿಟ್ಟು ಆ ಗೆರೆಗೋಸ್ಕರ ಹಿರಿಯರ ಚೊಂಬು ಕಿತ್ಕೋಬೇಡಿ. ನಲ್ಲಿ ಬುಡದಲ್ಲಿ ದಪ್ಪಗೆ ಉಪ್ಪು ಕಟ್ಟಿದ್ರೆ ಪೇಪರ್ ಟವಲ್ಲನ್ನ ಬಿಳಿ ವಿನೆಗರ್‌ನಲ್ಲಿ ಅದ್ದಿ ಅರ್ಧ ಗಂಟೆ ಸುತ್ತಿಡಿ, ಮೆತ್ತಗಾದ್ಮೇಲೆ ಇದನ್ನ ಹಾಕಿ, ನೀಟಾಗಿ ಬಿಡತ್ತೆ.

ಈಗ ಅರಿಶಿನ. ಬಾಣಂತನಕ್ಕೆ ಅಮ್ಮಂದಿರು ಬಂದಾಗ, ನರಕ ಚತುರ್ದಶಿ ದಿನ, ಮದುವೆ ಮುಂಚಿನ ಅರಿಶಿನ ಶಾಸ್ತ್ರ ಮನೇಲೇ ಮಾಡ್ದಾಗ, ಟಬ್ ತಳ ಎಲ್ಲಾ ಹಳದಿ. ಅಂಗಡೀಲಿ ಸಿಗೋ ಯಾವ ಕ್ಲೀನರ್ ಮಾಡೋರೂ ನಮ್ಮ ಅರಿಶಿನ ಯೋಚಿಸಿ ಮಾಡಿರಲ್ಲ, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಅರಿಶಿನದ ಬಣ್ಣ ಕರ್ಕ್ಯುಮಿನ್, ಅದು ನೀರಲ್ಲಿ ಕರಗಲ್ಲ, ಎಣ್ಣೇಲಿ ಕರಗತ್ತೆ, ಎಣ್ಣೆ ಜೊತೆ ಸೇರಿ ಜೆಲ್‌ಕೋಟಿನ ಸಣ್ಣ ರಂಧ್ರಕ್ಕೆ ಇಳಿಯತ್ತೆ. ಆಕ್ಸಾಲಿಕ್ ಆಸಿಡ್ಡಿಗೂ ಕರ್ಕ್ಯುಮಿನ್‌ಗೂ ಸಂಬಂಧ ಇಲ್ಲ, ಅಲ್ಲಿ ಕಬ್ಬಿಣವೂ ಇಲ್ಲ, ಸುಣ್ಣವೂ ಇಲ್ಲ. ಅದಕ್ಕೆ ಬೇಕಾಗಿರೋದು ಬಣ್ಣ ಮುರಿಯೋ ಸಾಮಾನು, ಫಾರ್ಮಸೀಲಿ ಕಂದು ಬಾಟ್ಲೀಲಿ ಸಿಗೋ 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಸೋಪಲ್ಲಿ ಎಣ್ಣೆ ತೆಗೆದ್ಮೇಲೆ ಪೇಪರ್ ಟವಲ್ ಅದರಲ್ಲಿ ಅದ್ದಿ ಕಲೆ ಮೇಲೆ ಹಾಸಿ, ಒಣಗದೇ ಇರ್ಲಿ ಅಂತ ಮೇಲೆ ಪ್ಲಾಸ್ಟಿಕ್ ರ್‍ಯಾಪ್ ಹೊದಿಸಿ ಒಂದು ಗಂಟೆ ಬಿಡಿ. ಒಂದೇ ಸಲಕ್ಕೆ ಪೂರ್ತಿ ಹೋಗಲ್ಲ, ಪ್ರತಿ ಸಲ ಸ್ವಲ್ಪ ಸ್ವಲ್ಪ ತಿಳಿ ಆಗತ್ತೆ, ತಾಳ್ಮೆ ಬೇಕು. ಬಣ್ಣದ ಟವಲ್ಲು, ಕರ್ಟನ್ ದೂರ ಇಡಿ, ಅವುಗಳ ಬಣ್ಣಾನೂ ಹೋಗತ್ತೆ.

ಇನ್ನೊಂದು, ಅಡುಗೆ ಸೋಡಾ ಪೇಸ್ಟ್ ಹಾಕಿದ್ ಕೂಡ್ಲೇ ಹಳದಿ ಕಲೆ ಕೆಂಪಗಾದ್ರೆ ಗಾಬರಿ ಬೀಳ್ಬೇಡಿ. ಅರಿಶಿನಕ್ಕೆ ಕ್ಷಾರ ತಾಗಿದ್ರೆ ಕೆಂಪಾಗತ್ತೆ, ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡೋದು ಇದರಿಂದಾನೇ. ವಿನೆಗರ್ ತಾಗಿಸಿದ್ರೆ ಮತ್ತೆ ಹಳದಿ. ಕಲೆ ಜಾಸ್ತಿಯೂ ಆಗಿಲ್ಲ ಕಮ್ಮಿಯೂ ಆಗಿಲ್ಲ. ಬಿಸಿಲಿಗೆ ಈ ಬಣ್ಣ ತಾನಾಗೇ ಮಾಸತ್ತೆ, ಊರಲ್ಲಿ ಸಾಂಬಾರ್ ಬಿದ್ದ ಬಿಳಿ ಬಟ್ಟೆ ಒಗೆದು ಬಿಸಿಲಿಗೆ ಹಾಕಿದ್ರೆ ಹೋಗೋದು ಹೀಗೇನೇ, ಆದ್ರೆ ಇಲ್ಲಿ ಅಪಾರ್ಟ್‌ಮೆಂಟ್ ಬಾತ್‌ರೂಮಿಗೆ ಎಷ್ಟೋ ಕಡೆ ಕಿಟಕೀನೇ ಇರಲ್ಲ. ಕಿಟಕಿ ಇದ್ದೋರು ಪರದೆ ಸರಿಸಿಡಿ, ಅದೂ ಒಂದು ಔಷಧಿ.

ಹೋಗದೇ ಇರೋದನ್ನೂ ಹೇಳ್ಬೇಕು. ರಬ್ಬರ್ ಇಲ್ಲಾ ವಿನೈಲ್ ಮ್ಯಾಟ್ ತಿಂಗಳುಗಟ್ಟಲೆ ಟಬ್ಬಲ್ಲೇ ಬಿಟ್ಟಿದ್ರೆ ಅದರ ಕೆಳಗೆ ಗುಂಡು ಗುಂಡು ಕಂದು ಗುರುತು ಬೀಳತ್ತೆ, ಮ್ಯಾಟಿನೊಳಗಿನ ಕೆಮಿಕಲ್ ಜೆಲ್‌ಕೋಟಿಗೆ ಇಳಿದಿರತ್ತೆ, ಅದು ಮೇಲ್ಮೈ ಕೊಳೆ ಅಲ್ಲ, ಯಾವ ಕ್ಲೀನರ್‌ಗೂ ಜಗ್ಗೋದು ಕಷ್ಟ. ಸ್ನಾನ ಆದ್ಮೇಲೆ ಮ್ಯಾಟ್ ಎತ್ತಿ ನೇತುಹಾಕೋದೇ ದಾರಿ. ಇಡೀ ಟಬ್ ಸಮವಾಗಿ ಹಳದಿ ಆಗಿದ್ರೆ ಅದು ರೆಸಿನ್‌ಗೇ ವಯಸ್ಸಾಗಿರೋದು, ಪಾಲಿಶ್ ಮಾಡಿಸಬೇಕು ಇಲ್ಲಾ ರೀಗ್ಲೇಜ್, ಅಂದ್ರೆ ಮೇಲೆ ಹೊಸ ಪೇಂಟಿನ ಪದರ ಹಾಕಿಸಬೇಕು. ಬಾಡಿಗೆ ಮನೆಗಳಲ್ಲಿ ಈಗಾಗ್ಲೇ ರೀಗ್ಲೇಜ್ ಮಾಡಿರೋ ಟಬ್ಬುಗಳೂ ಬೇಕಾದಷ್ಟಿವೆ, ಅಂಚಲ್ಲಿ ಪೇಂಟ್ ಸಿಪ್ಪೆ ತರ ಎದ್ದಿದ್ರೆ ಗೊತ್ತಾಗತ್ತೆ, ಅಂಥದ್ದಕ್ಕೆ ಬಾರ್ ಕೀಪರ್ಸ್ ಫ್ರೆಂಡ್ ಬೇಡವೇ ಬೇಡ, ಪೇಂಟ್ ಮೇಲೆ ಇದನ್ನ ಹಾಕೋ ಹಾಗಿಲ್ಲ, ಪಾತ್ರೆ ಸೋಪು, ಮೆತ್ತನೆ ಬಟ್ಟೆ ಅಷ್ಟೇ. ಟಬ್ ಸುತ್ತ ಮಾರ್ಬಲ್ ಇದ್ರೂ ಹುಷಾರು, ಆಸಿಡ್ ತಾಗಿದ ಕಡೆ ಹೊಳಪು ಹೋಗತ್ತೆ. ಮ್ಯಾಜಿಕ್ ಎರೇಸರ್ ಅನ್ನೋ ಬಿಳಿ ಸ್ಪಂಜ್ ಚೆನ್ನಾಗಿದೆ, ಆದ್ರೆ ಅದು ಮೆಲಮೈನ್ ಫೋಮು, ಅತಿ ನುಣ್ಣನೆ ಉಜ್ಜುಕಾಗದದ ಕೆಲಸಾನೇ ಮಾಡತ್ತೆ, ಅಪರೂಪಕ್ಕೆ ಸರಿ, ವಾರ ವಾರ ಬೇಡ.

ಜಾಗ್ರತೆ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡಲ್ಲ. ಬಾರ್ ಕೀಪರ್ಸ್ ಫ್ರೆಂಡ್ ಆಗ್ಲಿ ವಿನೆಗರ್ ಆಗ್ಲಿ ಬ್ಲೀಚ್ ಜೊತೆ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಏಳತ್ತೆ, ಕಿಟಕಿ ಇಲ್ಲದ ಬಾತ್‌ರೂಮಲ್ಲಿ ಅದು ತುಂಬಾ ಅಪಾಯ. ಒಂದೇ ದಿನ ಎರಡನ್ನೂ ಬಳಸೋದೇ ಬೇಡ. ಗ್ಲೌಸ್ ಹಾಕ್ಕೊಳ್ಳಿ, ಫ್ಯಾನ್ ಆನ್ ಇರ್ಲಿ, ಮಕ್ಕಳು ಕೂರೋ ಟಬ್ ಆದ್ರೆ ತೊಳೆದ್ಮೇಲೂ ಇನ್ನೊಂದು ಸಲ ನೀರು ಸುರೀರಿ. ಟಾಯ್ಲೆಟ್ ಆಸಿಡ್ ಟಬ್ಬಿಗೆ ಬೇಡ, ಅದು ಹೈಡ್ರೋಕ್ಲೋರಿಕ್, ಜೆಲ್‌ಕೋಟಿಗೂ ಡ್ರೇನಿನ ಲೋಹಕ್ಕೂ ಕೆಟ್ಟದ್ದು. ಹೊಳಪಿಗೆ ಅಂತ ವ್ಯಾಕ್ಸ್ ಹಚ್ಚೋರು ಪಕ್ಕದ ಗೋಡೆಗೆ ಮಾತ್ರ ಹಚ್ಚಿ, ತಳಕ್ಕೆ ಹಚ್ಚಿದ್ರೆ ಎಣ್ಣೆಸ್ನಾನದ ದಿನ ಜಾರಿ ಬೀಳೋದು ಗ್ಯಾರಂಟಿ.

ಬಾರ್ ಕೀಪರ್ಸ್ ಫ್ರೆಂಡಿಗೆ 5ಕ್ಕೆ 4 ಕೊಡ್ತೀನಿ. ವಾಲ್‌ಮಾರ್ಟ್, ಟಾರ್ಗೆಟ್, ಹೋಮ್ ಡಿಪೋ ಎಲ್ಲಾ ಕಡೆ ಸಿಗತ್ತೆ, ಬೆಲೆ ಕೆಲವೇ ಡಾಲರ್, ಒಂದು ಬಾಟ್ಲಿ ತುಂಬಾ ದಿನ ಬರತ್ತೆ, ಸ್ಟೀಲ್ ಕುಕ್ಕರ್ ತಳಕ್ಕೂ ಆಗತ್ತೆ. ಒಂದು ಅಂಕ ಕಡಿಮೆ ಮಾಡಿದ್ದು ಆ ಒಂದು ನಿಮಿಷದ ಸೂಚನೆ ಲೇಬಲ್ ಹಿಂದೆ ಸಣ್ಣ ಅಕ್ಷರದಲ್ಲಿ ಇರೋದಕ್ಕೆ, ಅದು ಮುಂದೆ ದಪ್ಪಕ್ಷರದಲ್ಲಿ ಇರ್ಬೇಕಿತ್ತು. ಮತ್ತೆ ಟೆಕ್ಸಸ್‌ನಲ್ಲಿ ಮನೆ ಖಾಲಿ ಮಾಡೋ ಹೊತ್ತಿಗೆ ಹಳೇ ಟಬ್ ಬೆಳ್ಳಗಾಗ್ಲಿಲ್ಲ ಅಂತ ರಾತ್ರಿಯೆಲ್ಲ ತಿಕ್ತಾ ಕೂರ್ಬೇಡಿ, ದಿನಬಳಕೆಯಿಂದ ಆಗೋ ಸವಕಳಿಗೆ ಡಿಪಾಸಿಟ್ ಹಿಡ್ಕೊಳ್ಳೋ ಹಾಗಿಲ್ಲ ಅಂತ ಇಲ್ಲಿನ ಕಾನೂನೇ ಹೇಳತ್ತೆ. ಮನೆಗೆ ಬಂದ ದಿನವೇ ಟಬ್ಬಿನ ತಳ, ಡ್ರೇನ್ ಸುತ್ತ, ಅಂಚು ಎಲ್ಲಾ ಫೋಟೋ ತೆಗೆದು ಲೀಸಿಂಗ್ ಆಫೀಸಿಗೆ ಈಮೇಲ್ ಮಾಡಿಟ್ಟಿರಿ.