ಹನ್ನೊಂದು ವರ್ಷದ ಲಿಬ್ರೆಆಫೀಸ್: ಪತ್ತಿನ ಸಂಘದ ಮೇಜಿನಿಂದ

2014ರಲ್ಲಿ ನಮ್ಮ ಪತ್ತಿನ ಸಹಕಾರ ಸಂಘಕ್ಕೆ ಹೊಸ ಕಂಪ್ಯೂಟರ್ ಬಂದಾಗ, ಆಫೀಸ್ ತಂತ್ರಾಂಶದ ಪರವಾನಗಿಗೆ ಆಡಳಿತ ಮಂಡಳಿ ಹಣ ಮಂಜೂರು ಮಾಡಲಿಲ್ಲ. ಕದ್ದ ಪ್ರತಿಯನ್ನು ಹಾಕಿಕೊಡುತ್ತೇನೆಂದು ಅಂಗಡಿಯವರು ಹೇಳಿದರು. ಸದಸ್ಯರ ಹಣಕ್ಕೆ ಲೆಕ್ಕ ಕೊಡಬೇಕಾದ ಕಾರ್ಯದರ್ಶಿಯಾದ ನನಗೆ ಅದು ಒಪ್ಪಿಗೆಯಾಗಲಿಲ್ಲ. ಹಾಗೆ ಪುಕ್ಕಟೆಯಾಗಿ ಸಿಗುವ ಆಫೀಸ್ ತಂತ್ರಾಂಶವಾದ ಲಿಬ್ರೆಆಫೀಸ್ ಬಂತು. ಅಂದಿನಿಂದ ಸಭೆಯ ನೋಟಿಸು, ನಡಾವಳಿ, ಸಾಲದ ಬಾಕಿ ಪಟ್ಟಿ ಎಲ್ಲವೂ ಇದರಲ್ಲೇ.

ಮೊದಲು ತೊಂದರೆಗಳನ್ನು ಹೇಳುತ್ತೇನೆ. ಕನ್ನಡದ ಅಕ್ಷರಶೈಲಿಯನ್ನು ಇಂಗ್ಲಿಷಿನದಕ್ಕಿಂತ ಬೇರೆಯಾಗಿ ಹೊಂದಿಸಬೇಕೆಂದು ತಿಳಿಯದೆ ವಾರಗಟ್ಟಲೆ ಒದ್ದಾಡಿದೆ. 2017ರ 5.3ನೇ ಆವೃತ್ತಿಯಲ್ಲಿ ಅಕ್ಷರ ಜೋಡಣೆಗೆ ಎಲ್ಲ ಕಡೆಯೂ ಹಾರ್ಫ್‌ಬಝ್ ಎಂಬ ಒಂದೇ ತಂತ್ರಾಂಶ ಬಳಕೆಗೆ ಬಂದ ಮೇಲೆ ಕಚೇರಿಯ ವಿಂಡೋಸಿನಲ್ಲೂ ಮನೆಯ ಉಬುಂಟುವಿನಲ್ಲೂ ಒತ್ತಕ್ಷರಗಳು ಒಂದೇ ರೀತಿ ಕಾಣತೊಡಗಿದವು. ಮೇಲಿನ ಕಚೇರಿಯೊಂದರಿಂದ ಬರುವ ವರ್ಡ್ ಕಡತಗಳ ಕೋಷ್ಟಕಗಳು ಮಾತ್ರ ಇಂದಿಗೂ ಪುಟ ಮೀರಿ ಹರಿಯುತ್ತವೆ. ಕನ್ನಡದ ಕಾಗುಣಿತ ಪರೀಕ್ಷೆಯನ್ನು ನಾನು ನಂಬುವುದಿಲ್ಲ.

ಇಷ್ಟಾದರೂ ಇದನ್ನು ಬಿಟ್ಟಿಲ್ಲ. ಕಾರಣ ದುಡ್ಡಿನ ಉಳಿತಾಯವೊಂದೇ ಅಲ್ಲ.

ಮಂಡಳಿಯ ಹಿರಿಯ ನಿರ್ದೇಶಕರೊಬ್ಬರು, "ಪುಕ್ಕಟೆ ಕೊಡುವವರಿಗೆ ಇದರಿಂದ ಏನು ಲಾಭ?" ಎಂದು ಕೇಳಿದ್ದರು. ಇನ್ನೊಬ್ಬರು ಇದು ಸಾಮ್ಯವಾದವೆಂದು ಸಂತೋಷಪಟ್ಟರು. ಇಬ್ಬರಿಗೂ ಉತ್ತರ ಇದರ ಇತಿಹಾಸದಲ್ಲೇ ಇದೆ. ಆಫೀಸ್ ತಂತ್ರಾಂಶ ಮಾಡುತ್ತಿದ್ದ ಜರ್ಮನಿಯ ಸ್ಟಾರ್‌ಡಿವಿಷನ್ ಕಂಪನಿಯನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡು, ಮರುವರ್ಷ ಆ ತಂತ್ರಾಂಶದ ಮೂಲ ಸಂಕೇತವನ್ನು, ಅಂದರೆ ಅದನ್ನು ಕಟ್ಟಿದ ಮೂಲ ಬರಹವನ್ನು, ಓಪನ್‌ಆಫೀಸ್ ಹೆಸರಿನಲ್ಲಿ ಲೋಕಕ್ಕೆ ತೆರೆದಿಟ್ಟಿತು. ಮೈಕ್ರೋಸಾಫ್ಟ್‌ನೊಂದಿಗೆ ಪೈಪೋಟಿಗಿಳಿದಿದ್ದ ಕಂಪನಿಯದು. ಅದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇತ್ತು. 2010ರಲ್ಲಿ ಸನ್ ಒರಾಕಲ್ ಪಾಲಾಯಿತು. ಅದೇ ಸೆಪ್ಟೆಂಬರಿನಲ್ಲಿ ಓಪನ್‌ಆಫೀಸಿಗಾಗಿ ದುಡಿಯುತ್ತಿದ್ದವರ ದೊಡ್ಡ ಗುಂಪು ಆ ಸಂಕೇತವನ್ನು ಹಿಡಿದು ಹೊರಬಂದು ಲಿಬ್ರೆಆಫೀಸ್ ಕಟ್ಟಿತು. ಕಂಪನಿ ಕೈ ಬದಲಾದರೂ ಕೆಲಸ ಕೈಬಿಡಬೇಕಾಗಲಿಲ್ಲ. ಪರವಾನಗಿ ಆ ಹಕ್ಕನ್ನು ಮೊದಲೇ ಕೊಟ್ಟಿತ್ತು.

ನನ್ನನ್ನು ಹಿಡಿದಿಟ್ಟಿರುವುದು ಈ ಪರವಾನಗಿಯೇ. ಇದು ಆಸ್ತಿಯ ಹಕ್ಕನ್ನು ಅಳಿಸುವುದಿಲ್ಲ. ಕೃತಿಸ್ವಾಮ್ಯದ ಬಲದಿಂದಲೇ ಸಾರ್ವಜನಿಕ ಸ್ವತ್ತನ್ನು ಕಾಯುತ್ತದೆ. ಓಪನ್‌ಆಫೀಸ್ ಈಗಿರುವ ಅಪಾಚೆ ಪರವಾನಗಿಯಲ್ಲಿ, ಸಂಕೇತವನ್ನು ತಿದ್ದಿದವರು ತಿದ್ದುಪಡಿಯನ್ನು ತಮ್ಮಲ್ಲೇ ಮುಚ್ಚಿಟ್ಟುಕೊಂಡು ಮಾರಬಹುದು. ಲಿಬ್ರೆಆಫೀಸಿನ ಮೊಜಿಲ್ಲಾ ಪರವಾನಗಿಯಲ್ಲಿಯೂ ಮಾರಬಹುದು, ಆದರೆ ತಿದ್ದಿದ ಕಡತಗಳನ್ನು ತೆರೆದಿಡಲೇಬೇಕು. ಮಾರುಕಟ್ಟೆಯ ಸ್ವಾತಂತ್ರ್ಯವೇ ಮುಖ್ಯ ಎನ್ನುವವರು ಮೊದಲನೆಯದನ್ನು ಮೆಚ್ಚಬಹುದು. ನನಗೆ ಎರಡನೆಯದೇ ನ್ಯಾಯವೆನಿಸುತ್ತದೆ.

1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘದ ದಾರಿಯಲ್ಲಿ ನಡೆದುಬಂದವರು ನಾವು. ನಮ್ಮಲ್ಲಿ ಷೇರು ಹಾಕಿದವರಿಗೆ ಮಾತ್ರ ಸಾಲ. ಲಿಬ್ರೆಆಫೀಸಿನಲ್ಲಿ ಷೇರು ಹಾಕದವರಿಗೂ ಬಾಗಿಲು ತೆರೆದಿದೆ. ಒಬ್ಬರು ಬಳಸಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ. ಆದರೆ ದೋಷ ತಿದ್ದುವವರ ದಿನಗಳು ಖರ್ಚಾಗುತ್ತವೆ. ಅವರಲ್ಲಿ ಅನೇಕರು ಕೊಲಾಬೊರಾದಂಥ ಕಂಪನಿಗಳಲ್ಲಿ ಸಂಬಳಕ್ಕೆ ದುಡಿಯುತ್ತಾರೆ. ಆ ಕಂಪನಿಗಳಿಗೆ ಹಣ ಬರುವುದು ಸೇವೆಗೆ ದುಡ್ಡು ಕೊಡುವ ಗಿರಾಕಿಗಳಿಂದ. ಹತ್ತು ವರ್ಷ ಒಂದು ರೂಪಾಯಿಯನ್ನೂ ಕೊಡದೆ ಬಳಸಿದ್ದು ನನಗೆ ಸರಿಯೆನಿಸಲಿಲ್ಲ.

ಕಳೆದ ವರ್ಷ ಲಿಬ್ರೆಆಫೀಸನ್ನು ನೋಡಿಕೊಳ್ಳುವ ಬರ್ಲಿನ್ನಿನ ಡಾಕ್ಯುಮೆಂಟ್ ಫೌಂಡೇಶನ್ನಿಗೆ ಸಣ್ಣದೊಂದು ಮೊತ್ತ ಕಳುಹಿಸಲು ಮಂಡಳಿಯಲ್ಲಿ ಠರಾವು ಮಂಡಿಸಿದೆ. ಪಾಸಾಯಿತು. ಯಾವ ಶೀರ್ಷಿಕೆಯಡಿ ಬರೆಯಬೇಕೆಂದು ಲೆಕ್ಕಪರಿಶೋಧಕರು ಕೇಳಿದಾಗ, ಮಂಡಳಿಯವರು "ದೇಣಿಗೆ" ಎಂದರು. ಕಟ್ಟಡದ ಸೋರುವ ಮಾಳಿಗೆಗೆ ಖರ್ಚು ಹಾಕುವ ಕಡೆಯೇ, "ದುರಸ್ತಿ ಮತ್ತು ನಿರ್ವಹಣೆ"ಯಲ್ಲಿ ಬರೆಯಿರಿ ಎಂದು ನಾನು ಕೇಳಿಕೊಂಡೆ.