ಅವ್ವನ ಗ್ಯಾಸ್ ಮಾತ್ರೆ ಜೊತೆ ಬರುತ್ತಿದ್ದ ಆ ಸಣ್ಣ ಮಾತ್ರೆ

ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಅವ್ವನಿಗೆ ಒಂದೂವರೆ ವರ್ಷ ತಪ್ಪು ಚಿಕಿತ್ಸೆ ನಡೆಯಿತು. ನಿಮ್ಮ ಮನೆಯಲ್ಲೂ ಇಂಥದ್ದು ನಡೆಯುತ್ತಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಎದೆಯುರಿ. ಆಮೇಲೆ ಮೈಕೈ ನೋವು, ತಲೆ ಭಾರ, ಬೆಳಗಿನ ಜಾವ ಮೂರಕ್ಕೇ ಎಚ್ಚರ. ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಿದ್ದವಳು ಹಸು ಮಾರಿಬಿಡಿ ಅಂದಳು. "ಎದೆ ಮ್ಯಾಲೆ ಕಲ್ಲು ಹೇರ್ದಂಗಾಯ್ತದೆ ಕಣ್ಲಾ ಮಗ" ಅನ್ನೋಳು. ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದರು, ಸರಿಯಿತ್ತು. ಗ್ಯಾಸ್ ಅಂದರು. ಗ್ಯಾಸ್ ಮಾತ್ರೆ, ಸುಸ್ತು ಅಂದಾಗಲೆಲ್ಲ ಒಂದು ಗ್ಲೂಕೋಸ್ ಬಾಟಲಿ, ರಾತ್ರಿಗೆ ಒಂದು ಸಣ್ಣ ಮಾತ್ರೆ. ಅದು ಅಲ್‌ಪ್ರಜೋಲಾಮ್ 0.5 ಮಿ.ಗ್ರಾಂ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಔಷಧ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಡಾಕ್ಟರ ಚೀಟಿಗಷ್ಟೇ ಮಾರಬೇಕಾದ ಎಚ್1 ಪಟ್ಟಿಯ ಔಷಧ ಅದು, ಮಾರಿದ್ದನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ನಮಗೆ ಹಳೇ ಚೀಟಿಗೇ ತಿಂಗಳು ತಿಂಗಳೂ ಸಿಗುತ್ತಿತ್ತು.

ಹಬ್ಬಕ್ಕೆ ಅವ್ವ ಮೈಸೂರಿನ ತಂಗಿ ಮನೆಗೆ ಹೋದಾಗ ಮಾತ್ರೆ ಊರಲ್ಲೇ ಉಳಿಯಿತು. ಎರಡು ದಿನ ನಿದ್ದೆಯಿಲ್ಲ, ಕೈ ನಡುಕ, ಬೆವರು. ಮೂರನೇ ದಿನ ಅಡುಗೆಮನೆಯಲ್ಲಿ ಫಿಟ್ಸ್ ಬಂದು ಬಿದ್ದಳು.

ಪಕ್ಕದ ಮನೆಯವರು ಊರಿಂದ ಮಾತ್ರೆಯ ಫೋಟೋ ಕಳಿಸಿದ ಮೇಲೆ ಆಸ್ಪತ್ರೆಯಲ್ಲಿ ಕಾರಣ ಗೊತ್ತಾಯಿತು. ಆತಂಕ ಜೋರಾದಾಗ ಇದನ್ನು ಎರಡರಿಂದ ನಾಲ್ಕು ವಾರ ಕೊಡುವುದುಂಟಂತೆ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮೈ ಒಗ್ಗಿಹೋಗುತ್ತದೆ, ಒಮ್ಮೆಲೇ ಬಿಟ್ಟರೆ ಹೀಗಾಗುತ್ತದೆ.

ಮನೋವೈದ್ಯೆ ಮೊದಲು ಕೇಳಿದ್ದು ಎರಡೇ ಪ್ರಶ್ನೆ. ಎರಡು ವಾರದಿಂದ ಮನಸ್ಸು ಕುಗ್ಗಿದೆಯಾ, ಯಾವುದರಲ್ಲೂ ಆಸಕ್ತಿ ಇಲ್ಲವಾ? ಎರಡಕ್ಕೂ ಹೌದು. ಆಮೇಲೆ ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆ. 27ಕ್ಕೆ ಅವ್ವನ ಅಂಕ 17. 10 ಮುಟ್ಟಿದರೇ ಖಿನ್ನತೆ ಇದೆಯಾ ಅಂತ ಸರಿಯಾಗಿ ನೋಡಬೇಕು. ಕೊನೆಗೆ, "ಬದುಕೋದೇ ಬೇಡ ಅನ್ನಿಸಿದೆಯಾ ಅಮ್ಮಾ?"

"ಅನ್ನುಸ್ತದೆ ಕಣವ್ವ. ಯಾರೂ ಕೇಳ್ನಿಲ್ಲ."

ನಾನು ಪಕ್ಕದಲ್ಲೇ ಕೂತಿದ್ದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಆಗುವುದಿಲ್ಲ, ಕೇಳಿದರೆ ಮನಸ್ಸು ಹಗುರಾಗುತ್ತದೆ ಅಂದರು.

ಇದಕ್ಕೆ ದೊಡ್ಡಾಸ್ಪತ್ರೆಯೇ ಬೇಕಿರಲಿಲ್ಲ. ಆ ಪ್ರಶ್ನೆಗಳನ್ನು ಕ್ಲಿನಿಕ್ಕಿನಲ್ಲೇ, ಐದು ನಿಮಿಷದಲ್ಲಿ ಕೇಳಬಹುದಿತ್ತು. ಸುಸ್ತಿಗೆ ಬೇರೆ ಕಾರಣ ಇದೆಯಾ ಅಂತ ನೋಡೋಕೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗಳನ್ನೂ ಅಲ್ಲೇ ಬರೆಯಬಹುದಿತ್ತು. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಈಗ ಖಿನ್ನತೆಗೆ ಕೊಡುವ ಎಸ್ಸಿಟಲೋಪ್ರಾಮ್ ಮಾತ್ರೆ ನಡೆಯುತ್ತಿದೆ. ಮೊದಲ ವಾರ ವಾಕರಿಕೆ, ಗುಣ ಕಾಣೋಕೆ ಮೂರು ವಾರ ಬೇಕಾಯಿತು. ಅಷ್ಟರಲ್ಲೇ "ಹುಚ್ಚರ ಮಾತ್ರೆ ಬಿಡ್ಸು" ಅಂತ ದೊಡ್ಡಪ್ಪ ಮೂರು ಸಲ ಫೋನ್ ಮಾಡಿದರು. ಬಿಡಿಸಲಿಲ್ಲ. ಚೆನ್ನಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಅವ್ವ ಮತ್ತೆ ಡೈರಿಗೆ ಹೋಗುತ್ತಿದ್ದಾಳೆ. ಸಣ್ಣ ಮಾತ್ರೆಯನ್ನು ಕಾಲು ಕಾಲು ಭಾಗವಾಗಿ ಇಳಿಸುತ್ತಿದ್ದಾರೆ, ಇನ್ನೂ ಮುಗಿದಿಲ್ಲ.

ಇವತ್ತೇ ಮನೆಯ ಹಿರಿಯರ ಮಾತ್ರೆ ಡಬ್ಬಿ ತೆಗೆದು ಹೆಸರು ಓದಿ. ಅಲ್‌ಪ್ರಜೋಲಾಮ್, ಇಲ್ಲವೇ ಅದೇ ಗುಂಪಿನ ಕ್ಲೋನಜೆಪಾಮ್, ಲೋರಜೆಪಾಮ್ ಇದ್ದರೆ ಎಷ್ಟು ದಿನದಿಂದ, ಯಾತಕ್ಕೆ ಅಂತ ಡಾಕ್ಟರನ್ನು ಕೇಳಿ. ದಯವಿಟ್ಟು ನೀವಾಗಿ ನಿಲ್ಲಿಸಬೇಡಿ. ಯಾರನ್ನು ಕೇಳಬೇಕೋ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.